ಗಡಿಬಿಡಿಯವರ ಅಬಾರ್ಟ್ ಪ್ರಕರಣ

ಅವನಿಗೆ ಬೇರೆ ಹೆಸರೊಂದು ಇತ್ತು. ಆದರೆ ಅದು ಸಂಬಳ ಕೊಡುವ ದಿನ ಬಿಟ್ಟರೆ ಬಳಕೆಯಲ್ಲಿರಲಿಲ್ಲ. ಬೀದಿಗೆಲ್ಲ ಅವನು ಗಡಿಬಿಡಿ. ಎದುರಿಗೆ ಸಿಕ್ಕಾಗ ಮರ್ಯಾದೆಗೆ "ಗಡಿಬಿಡಿಯವರೇ" ಎನ್ನುತ್ತಿದ್ದರು, ಬೆನ್ನು ತಿರುಗಿದ ಮೇಲೆ ಆ "ಅವರೇ"ಯನ್ನು ಕಳಚಿಡುತ್ತಿದ್ದರು. ಒಂದು ಕಾಲಿಗೆ ಕಪ್ಪು, ಇನ್ನೊಂದು ಕಾಲಿಗೆ ಕಂದು ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋಗಿ, ಸಂಜೆ ಅದನ್ನು ಗಮನಿಸಿ, ಯಾರೋ ತನ್ನ ಒಂದೇ ಒಂದು ಚಪ್ಪಲಿ ಕದ್ದು ಬೇರೆಯದನ್ನು ಇಟ್ಟು ಹೋಗಿದ್ದಾರೆಂದು ಗಲಾಟೆ ಮಾಡಿದವನಿಗೆ ಇನ್ನೇನು ಹೆಸರು ಒಪ್ಪುತ್ತದೆ, ನೀವೇ ಹೇಳಿ.

ಅವನ ನೌಕರಿ ಫರ್ನಿಚರ್ ಅಂಗಡಿಯಲ್ಲಿ. ಹುದ್ದೆ ಡೆಲಿವರಿ ಸೂಪರ್‌ವೈಸರ್. ಕೇಳುವುದಕ್ಕೆ ಭಾರೀ ಹುದ್ದೆ. ಮಾಡಬೇಕಾದದ್ದು ಇಷ್ಟೇ: ನಾಲ್ಕು ಜನ ಬೀರು ಹೊತ್ತು ಮೆಟ್ಟಿಲು ಹತ್ತುವಾಗ ಹಿಂದಿನಿಂದ "ಹುಷಾರು, ಹುಷಾರು" ಎನ್ನುತ್ತಿರಬೇಕು, ಕೊನೆಗೆ ಲೇಬಲ್ಲು ಕಿತ್ತು ಗಿರಾಕಿಯ ಸಹಿ ಹಾಕಿಸಬೇಕು. ಇವನು ಅನ್ನದಿದ್ದರೂ ಅವರು ಹುಷಾರಾಗಿಯೇ ಹತ್ತುತ್ತಿದ್ದರು. ಅಂದರೂ ಗೋಡೆಗೆ ತಾಗಿಸುವಲ್ಲಿ ತಾಗಿಸುತ್ತಿದ್ದರು. ಇವನ ಮಾತಿಗೂ ಲೋಕದ ವ್ಯವಹಾರಕ್ಕೂ ಯಾವ ಸಂಬಂಧವೂ ಇಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಅವನಿಗೂ ಗೊತ್ತಿತ್ತು ಎಂಬುದೇ ಸಂಕಟ. ಮನೆಯಲ್ಲಿ ಮಾತು ಶುರು ಮಾಡಿದರೆ ಕುಕ್ಕರ್ ಕೂಗುತ್ತಿತ್ತು, ಅಂಗಡಿಯಲ್ಲಿ ಶುರು ಮಾಡಿದರೆ ಫೋನು.

ಹೀಗಿರುವಾಗ ಒಂದು ದಿನ ಡ್ರೆಸಿಂಗ್ ಟೇಬಲ್ಲಿನ ಕನ್ನಡಿ ಒಡೆಯಿತು. ಎಲ್ಲಿಯೋ ತರಬೇತಿ ಮುಗಿಸಿ ಆಗಷ್ಟೇ ಬಂದಿದ್ದ ಮ್ಯಾನೇಜರು ಎಲ್ಲರನ್ನೂ ಗೋದಾಮಿನಲ್ಲಿ ನಿಲ್ಲಿಸಿಕೊಂಡ.

"ಇವತ್ತಿಂದ ಹೊಸ ನಿಯಮ. ಸಾಮಾನು ಸಾಗಿಸುವಾಗ ತೊಂದರೆ ಕಂಡೋರು, ಯಾರೇ ಆಗ್ಲಿ, ಕೈಯೆತ್ತಿ 'ಅಬಾರ್ಟ್' ಅನ್ಬೇಕು. ಅಂದ ತಕ್ಷಣ ಎಲ್ಲರೂ ಇದ್ದ ಹಾಗೇ ನಿಂತ್ಬಿಡ್ಬೇಕು. ಸಿಟ್ಟು ಮಾಡ್ಕೊಳ್ಳೋ ಹಾಗಿಲ್ಲ."

"ಎಷ್ಟು ಹೊತ್ತು ಸಾರ್?" ಎಂದು ಕೇಳಿದವನು ಹೊರುವವರ ಮುಂದಾಳು.

"ಅಬಾರ್ಟ್ ಅಂದೋನು ಕಾರಣ ಹೇಳಿ, ಸರಿ ಮಾಡ್ಸಿ, ತಾನೇ 'ಪ್ರೊಸೀಡ್' ಅನ್ನೋವರೆಗೆ. ಮಧ್ಯದಲ್ಲಿ ಮಾಲೀಕರೇ ಬಂದು ಹೇಳಿದ್ರೂ ಅಲ್ಲಾಡ್ಬಾರ್ದು."

ಮುಂದಾಳು ತಲೆಯಾಡಿಸಿದ. ಅವನನ್ನು ಎಲ್ಲರೂ ಬಂಡೆ ಎಂದು ಕರೆಯುತ್ತಿದ್ದರು. ಆಕಾರಕ್ಕೂ ಸರಿ, ಸ್ವಭಾವಕ್ಕೂ ಸರಿ. ನಲವತ್ತು ದಾಟಿದ ಒಂಟಿ ಜೀವ. ಮಾತು ಕಡಿಮೆ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಒಮ್ಮೆ ಗಿರಾಕಿಯೊಬ್ಬರು "ಮೇಜು ಕಿಟಕಿಗೆ ಆದಷ್ಟು ಹತ್ತಿರ ಇರ್ಲಪ್ಪ" ಅಂದದ್ದಕ್ಕೆ ಕಿಟಕಿಯ ಹೊರಗಡೆ ಇಟ್ಟು ಬಂದಿದ್ದ. ಒಳಗಡೆ ಗೋಡೆಗೂ ಮೇಜಿಗೂ ನಡುವೆ ಪೈಪು ಅಡ್ಡ ಬರುತ್ತಿತ್ತು, ಹೊರಗೇ ಹೆಚ್ಚು ಹತ್ತಿರವಾಗುತ್ತಿತ್ತು ಎಂಬುದು ಅವನ ವಿವರಣೆ.

ಆ ಮಧ್ಯಾಹ್ನವೇ ಸೋಫಾ ಹೊತ್ತು ಹೋಗುವಾಗ ಮೆಟ್ಟಿಲಿಗೆ ಬೆಕ್ಕೊಂದು ಅಡ್ಡ ಬಂತು. ಗಡಿಬಿಡಿ ಕೈಯೆತ್ತಿ ಸಣ್ಣ ದನಿಯಲ್ಲಿ, ಅನುಮಾನದಿಂದಲೇ "ಅಬಾರ್ಟ್" ಎಂದ.

ಸೋಫಾ ನಿಂತಿತು. ನಾಲ್ಕು ಜನ ನಿಂತರು. ಬೆಕ್ಕು ಕೂಡ ಒಂದು ಕ್ಷಣ ನಿಂತು ಇವನನ್ನು ನೋಡಿತು.

"ಏನ್ ಕಾರಣ ಸಾರ್?" ಬಂಡೆ ಕೇಳಿದ.

"ಬೆಕ್ಕು."

"ಬೆಕ್ಕು ಹೋಯ್ತು ಸಾರ್."

"ಹೋಗ್ಲಿ ಬಿಡು. ಸ್ವಲ್ಪ ಹೊತ್ತು ಹೀಗೇ ಇರಿ."

ಹುಟ್ಟಿದಾಗಿನಿಂದ ಅವನ ಬಾಯಿಂದ ಬಂದ ಮಾತಿಗೆ ಲೋಕ ಹೀಗೆ ತಲೆಬಾಗಿದ್ದು ಅದೇ ಮೊದಲು. ಆ ಸುಖವನ್ನು ಅವನು ಕಣ್ಣು ಮುಚ್ಚಿ ಅನುಭವಿಸಿದ. ಕೊನೆಗೆ ಬಂಡೆಯೇ "ಪ್ರೊಸೀಡ್ ಅನ್ಬೇಕು ಸಾರ್, ಕೈ ಸೋಲ್ತಿದೆ" ಎಂದು ನೆನಪಿಸಬೇಕಾಯಿತು.

ಅಂದಿನಿಂದ ಶುರುವಾಯಿತು ನೋಡಿ. ಲಾರಿ ಹಿಂದಕ್ಕೆ ಬರುವಾಗ ಅಬಾರ್ಟ್. ಮಂಚದ ಕಾಲಿಗೆ ಮೊಳೆ ಹೊಡೆಯುವಾಗ ಅಬಾರ್ಟ್. ಗಿರಾಕಿ ಚೌಕಾಶಿ ಮಾಡುತ್ತಿದ್ದರೆ ಗಿರಾಕಿಗೂ ಅಬಾರ್ಟ್. ಅಂಗಡಿಯ ಬಾಗಿಲಲ್ಲಿ ಅದನ್ನು ಕಳಚಿಟ್ಟು ಬರುವ ಬುದ್ಧಿಯಿದ್ದಿದ್ದರೆ ಕಥೆ ಬೇರೆಯಿತ್ತು. ಅವನು ಅದನ್ನು ಮನೆಗೂ ತಂದ.

ಹೆಂಡತಿ ಪಕ್ಕದ ಮನೆಯವರ ನಲ್ಲಿಯ ಜಗಳವನ್ನು ವಿವರವಾಗಿ ಹೇಳುತ್ತಿದ್ದಳು. ಗಡಿಬಿಡಿ ಕೈಯೆತ್ತಿದ. "ಅಬಾರ್ಟ್!"

"ಏನಂದ್ರಿ?"

ಅವನು ನಿಯಮವನ್ನು ವಿಸ್ತಾರವಾಗಿ ವಿವರಿಸಿದ. ಹೆಂಡತಿ ಕೆರಳುತ್ತಾಳೆಂದು ಒಂದು ಹೆಜ್ಜೆ ಹಿಂದೆಯೇ ನಿಂತಿದ್ದ. ಅವಳು ಕೆರಳಲಿಲ್ಲ, ಯೋಚಿಸಿದಳು. ಅದು ಇನ್ನೂ ಅಪಾಯ.

"ಯಾರ್ ಬೇಕಾದ್ರೂ ಅನ್ಬಹುದಾ?"

"ಸಣ್ಣೋರು ದೊಡ್ಡೋರು ಅನ್ನೋ ಭೇದ ಇಲ್ಲ. ಅದೇ ಇದರ ದೊಡ್ಡತನ."

"ಹಾಗಾದ್ರೆ ಆ ಪೇಪರ್ ಓದೋದು ಅಬಾರ್ಟ್. ಕಾರಣ, ಹಾಲಿಲ್ಲ. ಹಾಲು ತಂದ್ಮೇಲೆ ಪ್ರೊಸೀಡ್."

ಮನೆಯೊಳಗೆ ಈ ಪದ ಹೀಗೆ ಒಂದೇ ಸಂಜೆಯಲ್ಲಿ ಕೈಬದಲಾಯಿಸಿತು. ಗಡಿಬಿಡಿ ಬೀದಿಯನ್ನು ನೆಚ್ಚಿಕೊಂಡ. ಕ್ಷೌರದಂಗಡಿಯ ಬೆಂಚಿನ ಮೇಲೆ ಕುಳಿತಿದ್ದಾಗ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಮೀಸೆಗೆ ಕತ್ತರಿ ತಾಗುತ್ತಿತ್ತು. ಎಡಗಡೆಯದು ಆಗಲೇ ಗಿಡ್ಡವಾಗಿತ್ತು. ಅದು ಅತಿಯಾಯಿತೆಂದು ಇವನಿಗೆ ಅನ್ನಿಸಿ "ಅಬಾರ್ಟ್" ಎಂದ. ಬಂಡೆಯ ಜನವೆಲ್ಲ ಅಲ್ಲಿಯೇ ಕ್ಷೌರ ಮಾಡಿಸುತ್ತಿದ್ದುದರಿಂದ ಕ್ಷೌರಿಕನಿಗೆ ನಿಯಮ ಚೆನ್ನಾಗಿ ಗೊತ್ತಿತ್ತು. ಕತ್ತರಿ ನಿಂತಿತು. ಅದೇ ಹೊತ್ತಿಗೆ ಅಂಗಡಿಯಿಂದ ಫೋನು ಬಂದು ಗಡಿಬಿಡಿ ಎದ್ದು ಓಡಿದ. ಮೇಷ್ಟ್ರು ಗೋಗರೆದರು, ಗದರಿದರು, ವ್ಯಾಕರಣಬದ್ಧವಾಗಿ ಬೈದರು. ಕ್ಷೌರಿಕ ಜಪ್ಪಯ್ಯ ಅನ್ನಲಿಲ್ಲ. "ಅವರು ಬಂದು ಪ್ರೊಸೀಡ್ ಅನ್ಲಿ ಮೇಷ್ಟ್ರೇ, ನಿಯಮ ಅಂದ್ರೆ ನಿಯಮ" ಎಂದ. ಎರಡು ಬಗೆಯ ಮೀಸೆ ಹೊತ್ತು ಮೇಷ್ಟ್ರು ಸಂಜೆಯವರೆಗೆ ಬೀದಿಯಲ್ಲಿ ಗಡಿಬಿಡಿಯನ್ನು ಹುಡುಕಿದರು. ಎಡದಿಂದ ನೋಡಿದವರು "ಏನ್ ಮೇಷ್ಟ್ರೇ, ವಯಸ್ಸು ಇಳೀತಲ್ಲ" ಎಂದರು. ಬಲದಿಂದ ನೋಡಿದವರು ಎಂದಿನಂತೆ ನಮಸ್ಕಾರ ಮಾಡಿದರು.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಈ ಕಥೆಯಲ್ಲಿ ನಗುವಂಥದ್ದಲ್ಲದ ಒಂದು ವಿಷಯವೂ ಇದೆ. ಅದು ಗಡಿಬಿಡಿಯ ನಾದಿನಿಯದು.

ಹೆಂಡತಿಯ ತಂಗಿ. ಅದೇ ಕಟ್ಟಡದ ಮಹಡಿಯ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಕೈಕೆಲಸ ಅಚ್ಚುಕಟ್ಟು, ಗಿರಾಕಿಗಳಿಗೆ ಬರವಿಲ್ಲ. ಮದುವೆ ಮಾತ್ರ ಮೂರು ಸಲ ಅರ್ಧಕ್ಕೆ ನಿಂತಿತ್ತು. ಮೊದಲನೆಯವನ ಮನೆಯವರು ಎಲ್ಲ ಒಪ್ಪಿಕೊಂಡು ಹೋಗಿ ಆಮೇಲೆ ಫೋನೇ ಎತ್ತಲಿಲ್ಲ. ಎರಡನೆಯವನು ವರ್ಗವಾಗಿ ಹೋದ ಊರಿನಲ್ಲೇ ಬೇರೆ ಹುಡುಗಿಯನ್ನು ಮದುವೆಯಾದ. ಮೂರನೆಯವನಿಗೆ ಬಟ್ಟೆ ಹೊಲಿಸಿಯಾಗಿತ್ತು. ಅದನ್ನು ಹೊಲಿದವಳೂ ಇವಳೇ. ಅವನು ತಲೆಯ ಅರ್ಧ ಕೂದಲು ಉದುರಿದ ವಯಸ್ಸಿನಲ್ಲಿ "ಇನ್ನೂ ಓದ್ಬೇಕು ಅಂತಿದೀನಿ" ಎಂದು ಕಳಚಿಕೊಂಡ. ಪ್ರತಿ ಸಲವೂ ಇವಳು ಮಹಡಿಗೆ ಹೋಗಿ ಯಂತ್ರ ತುಳಿಯುತ್ತಿದ್ದಳು. ಕೆಳಗೆ ಕುಳಿತ ಅಕ್ಕ ಆ ಸದ್ದು ಕೇಳುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾದಿನಿಯನ್ನು ಗಡಿಬಿಡಿಯೂ ಸ್ವಂತ ತಂಗಿಗಿಂತ ಹೆಚ್ಚಾಗಿ ನೋಡಿಕೊಂಡಿದ್ದ.

ಬಟ್ಟೆಗಳನ್ನಿಡಲು ನಾದಿನಿ ಗಡಿಬಿಡಿಯ ಅಂಗಡಿಯಿಂದಲೇ ಒಂದು ದೊಡ್ಡ ಬೀರು ಕೊಂಡಳು. ಬಂಡೆ ಮತ್ತು ಮೂವರು ಅದನ್ನು ಹೊತ್ತು ತಂದರು. ಮೆಟ್ಟಿಲಿನ ಕೊನೆಯ ತಿರುವಿನಲ್ಲಿ ಬೀರುವಿನ ಮೂಲೆ ಗೋಡೆಗೆ ಇನ್ನೇನು ಉಜ್ಜುತ್ತದೆ ಎನ್ನುವಾಗ ಗಡಿಬಿಡಿ "ಅಬಾರ್ಟ್!" ಎಂದು ಕೂಗಿ, ಮಧ್ಯೆ ಸೇರಿಸಲು ಹಳೆ ಕಂಬಳಿ ತರುತ್ತೇನೆಂದು ಕೆಳಗಿಳಿದ. ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಮೀಸೆ ಅಷ್ಟರಲ್ಲಿ ಎರಡೂ ಕಡೆ ಇಲ್ಲವಾಗಿತ್ತು.

"ನೋಡಯ್ಯಾ, ನಿನ್ನನ್ನ ಬಯ್ಯೋದಿಲ್ಲ. ಬೈದರೆ ಪ್ರಯೋಜನವಿಲ್ಲ. ನಿನಗೆ ಆ ಪದದ ಅರ್ಥ ಗೊತ್ತಾ?"

"ನಿಲ್ಲಿಸು ಅಂತ ಮೇಷ್ಟ್ರೇ."

"ಅಲ್ಲ! ನಿಲ್ಲಿಸು ಅನ್ನೋಕೆ ಬೇರೆ ಪದ ಇದೆ. ಶುರುವಾಗಿರಬೇಕು, ಮುಗಿದಿರಬಾರದು, ಇನ್ನು ಮುಂದುವರಿದರೆ ಕೆಡುಕು ಅಂತ ಖಾತ್ರಿಯಾಗಿರಬೇಕು. ಆಗ ಅರ್ಧಕ್ಕೇ ಕೈಬಿಡೋದು ಅಬಾರ್ಟ್. ಶುರುವಾಗೋಕೆ ಮುಂಚೆ ಬೇಡ ಅಂದ್ರೆ ಅದು ರದ್ದು. ಸ್ವಲ್ಪ ತಡೆದು ಆಮೇಲೆ ಮುಂದುವರಿಸಿದರೆ ಅದು ವಿರಾಮ. ಅಬಾರ್ಟ್ ಆದದ್ದು ಮತ್ತೆ ಮುಂದುವರಿಯೋದಿಲ್ಲ, ಅಲ್ಲಿಗೆ ಸತ್ತ ಹಾಗೆ. ನಿಮ್ಮ ಮ್ಯಾನೇಜರ್ ಪ್ರೊಸೀಡ್ ಅಂತ ಬಾಲ ಅಂಟಿಸಿದಾನಲ್ಲ, ಅದೇ ತಪ್ಪು. ಅರ್ಥ ಆಯ್ತು, ಇನ್ನು ಪ್ರಯೋಗಕ್ಕೆ ಬರೋಣ…"

ಮೇಷ್ಟ್ರು ಪ್ರಯೋಗಕ್ಕೆ ಬಂದರು. ಮೂವತ್ತು ವರ್ಷ ಪಾಠ ಹೇಳಿದವರಿಗೆ ಬಹಳ ದಿನಗಳ ಮೇಲೆ ಸಿಕ್ಕ ವಿದ್ಯಾರ್ಥಿ. ರಾಕೆಟ್ಟಿನ ಉದಾಹರಣೆ ಕೊಟ್ಟರು, ಕಂಪ್ಯೂಟರಿನದು ಕೊಟ್ಟರು, ಮೀಸೆಯ ವಿಷಯದಲ್ಲಿ ಆ ಪದ ಯಾಕೆ ಸಲ್ಲದು ಎಂಬುದನ್ನು ಎರಡು ಬಗೆಯಲ್ಲಿ ಸಾಧಿಸಿದರು. ತರಗತಿಗೆ ಪಳಗಿದ ಅವರ ದನಿ ಮಹಡಿಯವರೆಗೂ ಕೇಳುತ್ತಿತ್ತು. ಗಡಿಬಿಡಿ ಹೂಂಗುಟ್ಟುತ್ತ ಕೂತ. ಕಾಫಿ ಬಂತು. ಕಂಬಳಿ ಮರೆತುಹೋಯಿತು. ಬೀರುವೂ ಮರೆತುಹೋಯಿತು.

ಇತ್ತ ಮೆಟ್ಟಿಲ ಮೇಲೆ ಮೂವರು ಆಳುಗಳು ಬೀರುವಿನ ತಮ್ಮ ತಮ್ಮ ಮೂಲೆಯನ್ನು ಮೆಟ್ಟಿಲಿಗೆ ಊರಿ ಉಸಿರಾಡಿದರು. ಮೇಲಿನ ತುದಿ ಹಿಡಿದಿದ್ದ ಬಂಡೆಗೆ ಊರಲು ಜಾಗವಿರಲಿಲ್ಲ. ಅವನ ಬೆನ್ನು ನಾದಿನಿಯ ಬಾಗಿಲಿಗೆ ಸರಿಯಾಗಿ ಬಂದಿತ್ತು. ಅವಳು ಹೊರಗೆ ಬರುವಂತಿಲ್ಲ, ಅವನು ಸರಿಯುವಂತಿಲ್ಲ.

"ಕೆಳಗಿಡ್ಬಾರ್ದಾ?" ಅವಳು ಕೇಳಿದಳು.

"ಇಲ್ಲ ಮೇಡಂ. ಸಾರ್ ಬಂದು ಪ್ರೊಸೀಡ್ ಅನ್ಬೇಕು."

"ನಮ್ಮ ಭಾವ ಕೆಳಗೆ ಹೋದ್ರೆ ಬರೋದು ನಂಬಿಕೆಯಿಲ್ಲ."

"ಬರ್ತಾರೆ. ನಾನು ಬಿಟ್ಟು ಹೋಗಲ್ಲ."

ಆ ಕೊನೆಯ ಮಾತನ್ನು ಅವನು ಬೀರುವಿನ ಬಗ್ಗೆ ಹೇಳಿದ್ದು. ನಾದಿನಿ ಆ ಅಗಲವಾದ ಬೆನ್ನನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ ನೀರು ತಂದು, ಅವನ ಎರಡೂ ಕೈ ಖಾಲಿಯಿಲ್ಲವಾದ್ದರಿಂದ ಪಕ್ಕದಿಂದ ಕೈ ಚಾಚಿ ಲೋಟವನ್ನು ಅವನ ಬಾಯಿಗೆ ಹಿಡಿದಳು. ಅವನ ಅಂಗಿಯ ತೋಳು ಬಿಚ್ಚಿಹೋಗಿತ್ತು. ನಿಂತಲ್ಲೇ ಅದಕ್ಕೊಂದು ಹೊಲಿಗೆ ಹಾಕಿದಳು. ಸೂಜಿ ಚುಚ್ಚುತ್ತದೆಯೇ ಎಂದಾಗ ಅವನು ಇಲ್ಲ ಎಂದ. ಚುಚ್ಚಿತ್ತು ಎಂದು ಆಮೇಲೆ ಆಳುಗಳು ಹೇಳಿದರು.

ಗಡಿಬಿಡಿಗೆ ಬೀರು ನೆನಪಾಗಿ ಏದುಸಿರು ಬಿಡುತ್ತ ಹತ್ತಿ ಬಂದಾಗ ಮೇಲೆ ನಗುವಿನ ಸದ್ದು ಕೇಳಿಸುತ್ತಿತ್ತು. ನಾದಿನಿ ನಕ್ಕದ್ದು ಅವನು ಕೇಳಿ ವರ್ಷಗಳೇ ಆಗಿದ್ದವು.

ಮುಂದಿನದ್ದು ತಾನಾಗಿಯೇ ನಡೆಯಿತು. ಬೀರುವಿನ ಬಾಗಿಲು ಕಿರುಗುಟ್ಟುತ್ತದೆಂದು ಬಂಡೆ ಎಣ್ಣೆ ಹಿಡಿದು ಬಂದ. ಕಿರುಗುಟ್ಟುವುದು ನಿಂತ ಮೇಲೂ ಬಂದ. ಒಂದು ಸಂಜೆ ಗಡಿಬಿಡಿಯ ಮನೆಯ ಹೊಸ್ತಿಲಲ್ಲಿ ನಿಂತು, "ಸಾರ್, ನಿಮ್ಮ ನಾದಿನಿಯವರನ್ನ ಮದುವೆ ಆಗ್ಬೇಕು ಅಂತ. ಅವರು ಹೂಂ ಅಂದಿದಾರೆ. ನೀವೂ ಪ್ರೊಸೀಡ್ ಅಂದ್ರೆ…" ಎಂದು ತಲೆ ತಗ್ಗಿಸಿದ. ಗಡಿಬಿಡಿ ಸಂತೋಷಕ್ಕೆ ಅವನನ್ನು ತಬ್ಬಿಕೊಳ್ಳಲು ಹೋದ, ಕೈ ಸುತ್ತಲೂ ಸಾಲಲಿಲ್ಲ.

ಆಡಂಬರ ಬೇಡ, ನೋಂದಣಿ ಕಚೇರಿಯಲ್ಲಿ ಸಹಿ ಹಾಕಿದರೆ ಸಾಕು ಎಂದು ಇಬ್ಬರೂ ಹೇಳಿದರು. ದಿನ ಗೊತ್ತಾಯಿತು. ಅಂದು ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಗಡಿಬಿಡಿಯ ಎದುರು ಬಂದು ಕೂತಳು. ಅವಳ ಕಣ್ಣು ತುಂಬಿತ್ತು.

"ರೀ, ಒಂದೇ ಒಂದು ಕೇಳ್ತೀನಿ. ಮದುವೆ ಮುಗಿಯೋವರೆಗೂ ಆ ಪದ ಬಾಯಿಗೆ ಬರ್ಬಾರ್ದು. ಮೂರು ಸಲ ಅರ್ಧಕ್ಕೆ ನಿಂತಿದೆ. ಇನ್ನೊಂದ್ಸಲ ನಿಂತ್ರೆ ಅವಳಿಗೆ ತಡ್ಕೊಳ್ಳೋ ಶಕ್ತಿಯಿಲ್ಲ. ನನಗಂತೂ ಇಲ್ಲವೇ ಇಲ್ಲ."

"ನನ್ನಾಣೆ, ಅನ್ನಲ್ಲ" ಎಂದ ಗಡಿಬಿಡಿ. ಪ್ರಾಮಾಣಿಕವಾಗಿಯೇ ಅಂದ. ಆದರೆ ಅಭ್ಯಾಸವಾದ ನಾಲಿಗೆ ಯಜಮಾನನನ್ನು ಕೇಳಿ ಹೊರಡುವುದಿಲ್ಲ. ಮರುದಿನವೇ ಹಾಲು ಉಕ್ಕುವುದನ್ನು ನೋಡಿ "ಅಬಾ…" ಎಂದು ಅರ್ಧಕ್ಕೆ ನುಂಗಿದ. ಅವನು ನುಂಗುವಷ್ಟರಲ್ಲಿ ಹಾಲೆಲ್ಲ ಒಲೆಯ ಮೇಲಿತ್ತು.

ಮದುವೆಯ ದಿನ ಹೆಂಡತಿ ಯಾವ ಅವಕಾಶವನ್ನೂ ಬಿಡಲಿಲ್ಲ. ಕಚೇರಿಯ ಮೆಟ್ಟಿಲು ಹತ್ತುವ ಮೊದಲು ಒಂದು ದಪ್ಪ ಪೆಪ್ಪರ್‌ಮೆಂಟನ್ನು ಗಂಡನ ಬಾಯಿಗೆ ತುರುಕಿ, "ಇದು ಕರಗೋವರೆಗೂ ತುಟಿ ಬಿಚ್ಬೇಡಿ" ಎಂದಳು. ಗಡಿಬಿಡಿ ಒಂದು ಕೆನ್ನೆ ಉಬ್ಬಿಸಿಕೊಂಡು ಮೂಲೆಯಲ್ಲಿ ನಿಂತ. ಅವನು, ಹೆಂಡತಿ, ಮೇಷ್ಟ್ರು ಸಾಕ್ಷಿಗಳು. ಬಂಡೆಯ ಮೂವರು ಆಳುಗಳು ಇಸ್ತ್ರಿ ಅಂಗಿ ತೊಟ್ಟು ಹಿಂದೆ ಸಾಲಾಗಿ ನಿಂತಿದ್ದರು. ಒಬ್ಬನ ಕೈಯಲ್ಲಿ ಕ್ಯಾಮರಾ. ನಾದಿನಿ ತಾನೇ ಹೊಲಿದುಕೊಂಡ ತಿಳಿಹಳದಿ ಬಟ್ಟೆಯಲ್ಲಿದ್ದಳು. ಬಂಡೆ ಹೊಸ ಕೋಟಿನೊಳಗೆ ಹೇಗೋ ಹಿಡಿಸಿದ್ದ. ಅವಳು ಹೊಲಿದುಕೊಡುತ್ತೇನೆ ಎಂದರೂ, ಮದುವೆಯ ಹುಡುಗಿಗೆ ಕೆಲಸ ಹಚ್ಚಬಾರದೆಂದು ಅವನು ಅಂಗಡಿಯಿಂದ ಸಿದ್ಧ ಕೋಟು ತಂದಿದ್ದ.

ಮೇಜಿನ ಹಿಂದೆ ಅಧಿಕಾರಿ. ಮೊಹರು, ಶಾಯಿ ಪೆಟ್ಟಿಗೆ, ಪೆನ್ನು, ಮೂರನ್ನೂ ಸಾಲಿಗೆ ಕೂರಿಸಿ, ಅವು ಸಾಲು ತಪ್ಪಿಲ್ಲವೆಂದು ಆಗಾಗ ಬಗ್ಗಿ ನೋಡುವಂಥ ಮನುಷ್ಯ. ಗಂಟಲು ಸರಿಮಾಡಿಕೊಂಡು ಕೇಳಿದರು.

"ಈ ವಿವಾಹಕ್ಕೆ ಇಲ್ಲಿರೋ ಯಾರದ್ದಾದ್ರೂ ಆಕ್ಷೇಪಣೆ ಇದೆಯಾ?"

ಹೆಂಡತಿ ಗಂಡನ ಕೆನ್ನೆ ನೋಡಿದಳು. ಉಬ್ಬಿಯೇ ಇತ್ತು. ನೆಮ್ಮದಿಯಾಯಿತು.

"ಸರಿ. ಸಾಕ್ಷಿಗಳ ಹೆಸರು ಹೇಳಿ." ಅಧಿಕಾರಿ ಗಡಿಬಿಡಿಯತ್ತ ನೋಡಿದರು. ಗಡಿಬಿಡಿ ಮೂಗಿನಲ್ಲೇ ಏನೋ ಅಂದ. "ಬಾಯಲ್ಲೇನ್ರೀ ಅದು? ಇದು ಕಚೇರಿ!" ಎಂದು ಅವರು ಗದರಿದ ರಭಸಕ್ಕೆ ಪೆಪ್ಪರ್‌ಮೆಂಟು ಇಡಿಯಾಗಿ ಗಂಟಲಿಳಿಯಿತು. ಹೆಸರು ಹೇಳಿದ. ಬಾಯಿ ಖಾಲಿಯಾಯಿತು.

ಬಂಡೆ ಪೆನ್ನು ಹಿಡಿದು ಬಗ್ಗಿದ. ಕೋಟಿನ ತೋಳು ಮೇಲಕ್ಕೆ ಸರಿಯಿತು. ತೋಳಿನ ಅಂಚಿನಿಂದ, ದಾರಕ್ಕೆ ಕಟ್ಟಿದ ಅಂಗಡಿಯ ಲೇಬಲ್ಲು ಇಳಿಬಿದ್ದು ತೂಗಾಡಿತು.

ಓದುಗರು ಇಲ್ಲಿ ಗಡಿಬಿಡಿಯನ್ನು ಬಯ್ಯುವ ಮೊದಲು ಒಂದು ಮಾತು ಕೇಳಬೇಕು. ಫರ್ನಿಚರ್ ಅಂಗಡಿಯಲ್ಲಿ ಗಿರಾಕಿ ರಶೀದಿಗೆ ಸಹಿ ಹಾಕುವ ಮುಂಚೆ ಸಾಮಾನಿನ ಲೇಬಲ್ಲು ಕಿತ್ತಿದೆಯೇ ಎಂದು ನೋಡುವುದು ಸೂಪರ್‌ವೈಸರನ ಕೆಲಸ. ಕೀಳದೆ ಸಹಿ ಹಾಕಿಸಿದ್ದಕ್ಕೆ ಇವನು ಮ್ಯಾನೇಜರನಿಂದ ಎಷ್ಟೋ ಸಲ ಉಗಿಸಿಕೊಂಡಿದ್ದ. ಎದುರಿಗೆ ಪೆನ್ನು ಸಹಿಗೆ ಇಳಿಯುತ್ತಿದೆ, ಲೇಬಲ್ಲು ತೂಗಾಡುತ್ತಿದೆ. ಕೈ ತಾನಾಗಿ ಮೇಲೆದ್ದಿತು.

"ಅಬಾರ್ಟ್!"

ಬಂಡೆಯ ಪೆನ್ನು ಕಾಗದಕ್ಕೆ ಕೂದಲೆಳೆಯಷ್ಟು ಮೇಲೆ ನಿಂತಿತು. ಹಿಂದೆ ಒಬ್ಬ ಆಳು ಆಕಳಿಸುತ್ತಿದ್ದವನು ಬಾಯಿ ತೆರೆದಂತೆಯೇ ನಿಂತ. ಇನ್ನೊಬ್ಬ ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದ. ಬಾಟಲಿ ಎತ್ತಿದಂತೆಯೇ ಉಳಿದು ನೀರು ಗದ್ದದಿಂದ ಅಂಗಿಗೆ, ಅಂಗಿಯಿಂದ ನೆಲಕ್ಕೆ ಇಳಿಯುತ್ತಲೇ ಇತ್ತು. ಹೆಂಡತಿ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು.

ಅಧಿಕಾರಿ ಕನ್ನಡಕ ತೆಗೆದರು. "ಆಕ್ಷೇಪಣೆಯೋ?"

"ಅಲ್ಲ ಸಾರ್, ನಾನು… ಹಿಕ್!" ಇಡಿಯಾಗಿ ನುಂಗಿದ ಪೆಪ್ಪರ್‌ಮೆಂಟು ಒಳಗಿನಿಂದ ಬಿಕ್ಕಳಿಕೆಯಾಗಿ ಸೇಡು ತೀರಿಸಿಕೊಂಡು ಕಣ್ಣಲ್ಲಿ ನೀರು ತರಿಸಿತು.

"ಆಗಲೇ ಕೇಳಿದಾಗ ಬಾಯಿ ಇರ್ಲಿಲ್ವಾ?"

"ಪೆಪ್ಪರ್‌ಮೆಂಟ್ ಇತ್ತು ಸಾರ್. ಹಿಕ್!"

"ವಧುವಿಗೆ ಏನಾಗ್ಬೇಕು ನೀವು?"

"ಭಾವ… ಹಿಕ್!"

"ಸ್ವಂತ ಭಾವನೇ, ಅದೂ ಅಳ್ತಾ ಆಕ್ಷೇಪಣೆ ಮಾಡ್ತಿದಾರೆ ಅಂದ್ರೆ ವಿಷಯ ಸಣ್ಣದಲ್ಲ." ಅಧಿಕಾರಿ ಹೊಸ ಹಾಳೆ ಎಳೆದುಕೊಂಡರು. "ಕಾರಣ ಹೇಳಿ."

"ಲೇಬಲ್ ಸಾರ್. ಕೋಟಿನ ತೋಳಲ್ಲಿ."

"ಲೇಬಲ್ಲಿಗೆ ಮದುವೆ ನಿಲ್ಲಿಸ್ದೋರನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ. ನಿಜವಾದ ಕಾರಣ ಮುಚ್ಚಿಡ್ತಿದೀರಿ." ಅದನ್ನೂ ಬರೆದುಕೊಂಡು ಅವರು ಬಂಡೆಯತ್ತ ತಿರುಗಿದರು. "ಏನಪ್ಪಾ, ನಿನಗೇನಾದ್ರೂ ಸಂಶಯ ಇದೆಯಾ?"

"ಇಲ್ಲ ಸಾರ್." ಬಂಡೆ ತುಟಿ ಮಾತ್ರ ಅಲ್ಲಾಡಿಸಿದ.

"ಮತ್ತೆ ಸಹಿ ಹಾಕು."

"ಆಗಲ್ಲ ಸಾರ್. ಅವರು ಹೇಳ್ಬೇಕು."

"ಅವರು ಹೇಳದೆ ನೀನು ಕೈಯೂ ಅಲ್ಲಾಡಿಸಲ್ಲ!"

"ಇಲ್ಲ ಸಾರ್."

"ಒತ್ತಡ!" ಎಂದು ಅಧಿಕಾರಿ ಉದ್ಗರಿಸಿ, ಆ ಪದವನ್ನು ಬರೆದು ಕೆಳಗೆ ಗೆರೆ ಎಳೆದರು. "ವರ ಒತ್ತಡದಲ್ಲಿದ್ದಾನೆ. ಹಿಂದೆ ನಿಂತೋರೂ ಹೆದರಿ ಕಲ್ಲಾಗಿದಾರೆ. ಒಬ್ಬನಿಗಂತೂ ಬಾಯಿ ಮುಚ್ಚೋಕೂ ಧೈರ್ಯ ಇಲ್ಲ."

"ಅಯ್ಯೋ, ಪ್ರೊಸೀಡ್ ಅನ್ರೀ!" ಹೆಂಡತಿ ಕೂಗಿದಳು.

"ಪ್ರೊ… ಹಿಕ್! ಪ್ರೊಸೀ… ಹಿಕ್!"

ಬಂಡೆ ಕಣ್ಣಂಚಿನಲ್ಲಿ ಕಾದ. ಅರ್ಧ ಪದಕ್ಕೆ ಅಲ್ಲಾಡಬೇಕೆಂದು ನಿಯಮದಲ್ಲಿ ಇರಲಿಲ್ಲ.

"ಈಗ ಏನಂದ್ರೂ ಪ್ರಯೋಜನವಿಲ್ಲಮ್ಮ" ಎಂದರು ಅಧಿಕಾರಿ. "ಆಕ್ಷೇಪಣೆ ಬರೀತಿದೀನಿ, ಮೊಹರು ಬಿದ್ರೆ ವಿಚಾರಣೆ ಆಗ್ಲೇಬೇಕು. ಮುಂದಿನ ತಿಂಗಳು ಬನ್ನಿ, ನೋಡೋಣ."

ಹೆಂಡತಿ ಅಲ್ಲೇ ಬೆಂಚಿನ ಮೇಲೆ ಕುಸಿದಳು. ಗಡಿಬಿಡಿಗೆ ಭೂಮಿ ಬಾಯಿಬಿಟ್ಟರೆ ಇಳಿದುಬಿಡಬಹುದಿತ್ತು ಅನ್ನಿಸಿತು. ಕಣ್ಣಲ್ಲಿ ನೀರು ಬಂತು. ಈ ಸಲದ್ದು ಬಿಕ್ಕಳಿಕೆಯ ನೀರಲ್ಲ. ಮೂರು ಸಲ ಯಾರು ಯಾರೋ ಬಂದು ಮಾಡಿಹೋದದ್ದನ್ನು ನಾಲ್ಕನೆಯ ಸಲ ತಾನೇ ಮಾಡಿದ್ದ. ನಾದಿನಿಯ ಮುಖ ನೋಡಲು ಅವನಿಗೆ ಧೈರ್ಯ ಬರಲಿಲ್ಲ.

ಹಿಂದಿನ ಮೂರು ಸಲ ನಾದಿನಿ ಮಹಡಿಗೆ ಹೋಗಿ ಯಂತ್ರ ತುಳಿದಿದ್ದಳು. ಈ ಸಲ ಇಲ್ಲೇ ನಿಂತಳು. ಗಾಳಿಯಲ್ಲಿ ಪೆನ್ನು ಹಿಡಿದು ಬೆವರುತ್ತಿದ್ದ ಬಂಡೆಯನ್ನು ಒಮ್ಮೆ ನೋಡಿದಳು. ಪೆನ್ನು ಇದ್ದಲ್ಲಿಂದ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಅವಳು ಮೇಜಿನ ಹತ್ತಿರ ಬಂದಳು.

"ಸಾರ್, ಆಕ್ಷೇಪಣೆ ಬರೆಯೋಕೆ ಶುರು ಮಾಡಿದೀರಾ?"

"ಮಾಡಿದೀನಿ."

"ಮುಗಿಸಿದೀರಾ?"

"ಇನ್ನೂ ಇಲ್ಲ. ಕೊನೇ ಸಾಲು, ಮೊಹರು ಬಾಕಿ."

"ಮುಗಿಸಿದ್ರೆ ನನ್ನ ಮದುವೆ ಕೆಡುತ್ತೆ ಅಲ್ವಾ?"

"ಕೆಡೋದು ಅಂದ್ರೆ… ಮುಂದಕ್ಕೆ ಹೋಗುತ್ತೆ."

"ನಾನು ಮೂರು ಸಲ ಮುಂದಕ್ಕೆ ಹೋಗಿರೋದನ್ನ ನೋಡಿದೀನಿ ಸಾರ್. ಒಂದೂ ವಾಪಸ್ ಬರ್ಲಿಲ್ಲ." ಅವಳು ಕೈಯೆತ್ತಿದಳು. ಅವಳ ದನಿಯನ್ನು ಅಷ್ಟು ಗಟ್ಟಿಯಾಗಿ ಯಾರೂ ಕೇಳಿರಲಿಲ್ಲ. "ಅಬಾರ್ಟ್!"

ಅಧಿಕಾರಿಯ ಪೆನ್ನು ನಿಂತುಬಿಟ್ಟಿತು. ಆಗಲೇ ನಿಂತಿದ್ದ ಆಳುಗಳು ಇನ್ನಷ್ಟು ಗಟ್ಟಿಯಾಗಿ ನಿಂತರು. ಕೋಣೆಯಲ್ಲಿ ಫ್ಯಾನಿನ ಸದ್ದು, ನೀರು ತೊಟ್ಟಿಕ್ಕುವ ಸದ್ದು, ಗಡಿಬಿಡಿಯ ಹಿಕ್ಕು.

ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತರು. ಅವರ ಕಣ್ಣು ಹೊಳೆಯುತ್ತಿತ್ತು. "ಶುರುವಾಗಿದೆ, ಮುಗಿದಿಲ್ಲ, ಮುಂದುವರಿದರೆ ಕೆಡುಕು. ಸ್ವಾಮೀ, ನಮ್ಮ ಬೀದಿಯವರು ಆ ಪದಾನ ಸರಿಯಾಗಿ ಪ್ರಯೋಗ ಮಾಡಿದ್ದು ಇದೇ ಮೊದಲು!"

ಅಧಿಕಾರಿ ಹಾಳೆಯನ್ನು ನೋಡಿದರು, ಮೊಹರನ್ನು ನೋಡಿದರು. ಅವರು ನಿಯಮದ ಮನುಷ್ಯ. 'ಬರೆದು ಮುಗಿಸಿದ ಆಕ್ಷೇಪಣೆ'ಗೆ ವಿಚಾರಣೆ ಎಂದು ನಿಯಮವಿತ್ತು. ಅರ್ಧ ಬರೆದದ್ದಕ್ಕೆ ಏನು ಮಾಡಬೇಕೆಂದು ಎಲ್ಲಿಯೂ ಇರಲಿಲ್ಲ. ಆಮೇಲೆ ಹಾಳೆಯನ್ನು ಮಡಿಸಿ, ಮತ್ತೆ ಮಡಿಸಿ, ಕಾಲು ಅಲ್ಲಾಡುತ್ತಿದ್ದ ತಮ್ಮ ಮೇಜಿನ ಕೆಳಗೆ ಸೇರಿಸಿದರು.

"ಅರ್ಧ ಆಕ್ಷೇಪಣೆ ಆಕ್ಷೇಪಣೆಯಲ್ಲ. ಆದ್ರೆ ನಿಮ್ಮ ವರ ಇನ್ನೂ ಸಹಿ ಹಾಕ್ತಿಲ್ವಲ್ಲಮ್ಮ."

ಎಲ್ಲರೂ ಗಡಿಬಿಡಿಯತ್ತ ತಿರುಗಿದರು. ಹೆಂಡತಿ ಎದ್ದು ಬಂದು, ಬೆನ್ನಿನ ಮಧ್ಯಕ್ಕೆ ಒಂದು ಗುದ್ದು ಕೊಟ್ಟಳು. ಬಿಕ್ಕಳಿಕೆಗೆ ಎಷ್ಟು ಬೇಕೋ ಅದಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು. ಬಿಕ್ಕಳಿಕೆ ನಿಂತಿತು.

"ಪ್ರೊಸೀಡ್!" ಎಂದು ಗಡಿಬಿಡಿ ಕಿರುಚಿದ. "ಪ್ರೊಸೀಡ್, ಪ್ರೊಸೀಡ್, ನಿನ್ನ ದಮ್ಮಯ್ಯ, ಪ್ರೊಸೀಡ್!"

ಬಂಡೆಯ ಪೆನ್ನು ಕಾಗದ ಮುಟ್ಟಿತು. ಅವನ ಸಹಿ ಮೂರು ಅಕ್ಷರದ್ದು, ನಿಧಾನವಾಗಿ ಬಂತು. ನಾದಿನಿಯದು ಒಂದೇ ಉಸಿರಿಗೆ ಬಂತು. ಮೊಹರು ಬಿತ್ತು. ಆಕಳಿಸುತ್ತಿದ್ದ ಆಳು ಬಾಯಿ ಮುಚ್ಚಿದ. ಗಡಿಬಿಡಿ ಸಾಕ್ಷಿ ಸಹಿ ಹಾಕುವಷ್ಟು ಹೊತ್ತೂ ಹೆಂಡತಿ ಹಿಂದೆ ನಿಂತು ಅವನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದಳು. ಅಧಿಕಾರಿ ಅದಕ್ಕೆ ಆಕ್ಷೇಪಿಸಲಿಲ್ಲ.

ಹೊರಗೆ ಕಚೇರಿಯ ಮೆಟ್ಟಿಲ ಮೇಲೆ ಫೋಟೋಗೆ ನಿಂತರು. ಎಲ್ಲರೂ ನಗುತ್ತಿದ್ದರು, ಹೆಂಡತಿ ಅಳುತ್ತ ನಗುತ್ತಿದ್ದಳು. ಗಡಿಬಿಡಿ ಬಂಡೆಯ ತೋಳಿನತ್ತ ನೋಡಿದ. ಲೇಬಲ್ಲು ಇನ್ನೂ ತೂಗಾಡುತ್ತಿತ್ತು. ಬಾಯಿ ತೆರೆದ, ಮುಚ್ಚಿದ, ತಡೆಯಲಾರದೆ ಕೊನೆಗೆ ನಾದಿನಿಯ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ.

"ನನ್ನನ್ನ ಕ್ಷಮಿಸಮ್ಮ. ಆದ್ರೆ ನೋಡು, ಲೇಬಲ್ಲು ನಿಜವಾಗ್ಲೂ ಇತ್ತು."

"ಗೊತ್ತು ಭಾವ" ಎಂದಳು ನಾದಿನಿ. "ಬೆಳಿಗ್ಗೆ ಅವರು ಬಂದು ಇಳಿದಾಗಲೇ ನೋಡಿದೆ. ಮೊದಲು ಮದುವೆ ಮುಗೀಲಿ ಅಂತ ಸುಮ್ನಿದ್ದೆ."

ಅವಳು ಬಂಡೆಯ ತೋಳನ್ನು ಬಾಯಿಯ ಹತ್ತಿರ ಎಳೆದುಕೊಂಡು, ದಾರವನ್ನು ಹಲ್ಲಿನಿಂದ ಕಡಿದು, ಲೇಬಲ್ಲನ್ನು ಭಾವನ ಜೇಬಿಗೆ ಹಾಕಿದಳು.